ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮಳೆಗಾಲದ ಅಣಬೆ, ಕೆಸು, ಹಾವು, ಇಂಬಳ

ಮುಂಗಾರು ಹಿಡಿದ ಮೇಲೆ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ಅಂಗಳದಲ್ಲಿ ಎದ್ದದ್ದು, ಗೋಡೆ ಹತ್ತಿದ್ದು, ಕಾಲಿಗೆ ಅಂಟಿದ್ದು ಯಾವುದು, ಅದರಿಂದ ಅಪಾಯ ಉಂಟೇ ಎಂದು ಕೇಳಿದ್ದಾರೆ. ಈ ಸಲದ ಅಂಕಣ ಪೂರ್ತಿ ಅವುಗಳಿಗೇ ಮೀಸಲು. ಹಲವರು ಹೆಸರು ಹಾಕುವುದು ಬೇಡ ಎಂದಿದ್ದರಿಂದ ಎಲ್ಲರದ್ದೂ ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಮನೆ ಮುಂದಿನ ಹುಲ್ಲುಹಾಸಿನಲ್ಲಿ ಮಳೆ ಬಂದ ಮರುದಿನವೇ ಅಂಗೈಗಿಂತ ದೊಡ್ಡ ಬಿಳಿ ಅಣಬೆಗಳು ಸಾಲಾಗಿ ಎದ್ದಿವೆ. ಅತ್ತೆಯವರು ಇದು ಹುತ್ತದ ಅಣಬೆಯೇ, ಅರಿಶಿನ ಹಾಕಿ ಬೇಯಿಸಿದಾಗ ಬಣ್ಣ ಕೆಡದಿದ್ದರೆ ತಿನ್ನಬಹುದು ಅನ್ನುತ್ತಾರೆ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ಸಾಕು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಯಾವುದನ್ನು ನಂಬುವುದು? — ವಿಜಯಪುರ, ಚಿಕ್ಕಮಗಳೂರು

ಉತ್ತರ: ಎರಡನ್ನೂ ನಂಬಬೇಡಿ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶ ತಾಗಿದಾಗ. ಪ್ರಾಣ ತೆಗೆಯುವ ಅಣಬೆಯ ವಿಷಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅರಿಶಿನ, ಬೆಳ್ಳುಳ್ಳಿ, ಅಕ್ಕಿಕಾಳು ಹಾಕಿ ನೋಡುವ ಪರೀಕ್ಷೆಗಳೂ ಅಷ್ಟೇ. 'ಹುಳ ತಿಂದಿದೆ, ಹಾಗಾಗಿ ನಾವೂ ತಿನ್ನಬಹುದು' ಎಂಬ ಮಾತೂ ಸುಳ್ಳು. ನಮ್ಮ ಯಕೃತ್ತನ್ನು ಹಾಳುಮಾಡುವ ಅಣಬೆಯನ್ನು ಗೊಂಡೆಹುಳು ಏನೂ ಆಗದೆ ತಿಂದು ಹೋಗುತ್ತದೆ.

ನೀವು ಬರೆದ ವಿವರ ನೋಡಿದರೆ ಅದು ಹುತ್ತದ ಅಣಬೆಯಲ್ಲ ಅನಿಸುತ್ತದೆ. ಹುಲ್ಲುಹಾಸು, ಗೊಬ್ಬರ ಹಾಕಿದ ಅಂಗಳ, ಮೈದಾನದಂಥ ಕಡೆ ಸಾಲಾಗಿ ಇಲ್ಲವೇ ಬಳೆಯಾಕಾರದಲ್ಲಿ ಏಳುವ ದೊಡ್ಡ ಬಿಳಿ ಅಣಬೆಗಳಲ್ಲಿ ತುಂಬ ಸಾಮಾನ್ಯವಾದದ್ದು ಕ್ಲೋರೋಫಿಲ್ಲಂ ಮಾಲಿಬ್ಡೈಟಿಸ್. ಇದರ ಕೊಡೆ 10ರಿಂದ 25 ಸೆಂಟಿಮೀಟರ್ ಅಗಲ. ಬಿಳಿ ಮೈಮೇಲೆ ಕಂದು ಹೊಪ್ಪಳೆಗಳು, ನಡುವೆ ಅವು ಒತ್ತಾಗಿರುತ್ತವೆ. ಕಾಂಡದ ಮೇಲೆ ದಪ್ಪ ಉಂಗುರ, ಬೆರಳಲ್ಲಿ ಹಿಡಿದರೆ ಮೇಲೆ ಕೆಳಗೆ ಸರಿಯುತ್ತದೆ. ಕೊಡೆಯ ಅಡಿಯ ಪದರಗಳು ಎಳೆಯದರಲ್ಲಿ ಅಚ್ಚ ಬಿಳಿ, ಬಲಿತಾಗ ಬೂದು ಮಿಶ್ರಿತ ಹಸಿರು. ಮೋಸ ಹೋಗುವುದು ಎಳೆಯದನ್ನು ಕಿತ್ತಾಗ, ಏಕೆಂದರೆ ಆಗ ಹಸಿರು ಇನ್ನೂ ಬಂದಿರುವುದಿಲ್ಲ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಶುರುವಾಗುತ್ತದೆ. ಮಕ್ಕಳಿಗೂ ವಯಸ್ಸಾದವರಿಗೂ ಮೈಯ ನೀರು ಬತ್ತಿ ಆಸ್ಪತ್ರೆ ಸೇರುವಷ್ಟು ಜೋರಾಗುತ್ತದೆ.

ಹುತ್ತದ ಅಣಬೆಯ ಗುರುತು ಮಣ್ಣಿನ ಕೆಳಗಿದೆ. ಗೆದ್ದಲು ತನ್ನ ಗೂಡಿನೊಳಗೆ ಸಾಕುವ ಶಿಲೀಂಧ್ರವೇ ಮಳೆಗೆ ಕೊಡೆಯಾಗಿ ಮೇಲೆ ಬರುವುದು. ಹಾಗಾಗಿ ಕಾಂಡ ನೆಲಮಟ್ಟದಲ್ಲಿ ಮುಗಿಯುವುದಿಲ್ಲ, ಸಣ್ಣಗಾಗುತ್ತಾ ಬೇರಿನಂತೆ ಗೆದ್ದಲ ಗೂಡಿನವರೆಗೆ ಇಳಿಯುತ್ತದೆ. ಮೇಲಿಂದ ಎಳೆದರೆ ಇದು ತುಂಡಾಗಿ ಗುರುತೇ ಹೋಗುತ್ತದೆ. ಚಾಕುವಿನಿಂದ ಸುತ್ತ ಮಣ್ಣು ಬಿಡಿಸಿ, ಬುಡಸಮೇತ ತೆಗೆದು ನೋಡಬೇಕು. ಕೊಡೆಯ ನಡುವೆ ಮೊನಚಾದ ಗುಬ್ಬಿ ಇರುತ್ತದೆ. ಬುಡದಲ್ಲಿ ಬಟ್ಟಲಿನಂಥ ಚೀಲ ಇರುವುದೇ ಇಲ್ಲ. ಬಿಳಿ ಪದರ, ಕಾಂಡಕ್ಕೆ ಉಂಗುರ, ಬುಡದಲ್ಲಿ ಹರಿದ ಮೊಟ್ಟೆ ಸಿಪ್ಪೆಯಂಥ ಚೀಲ, ಈ ಮೂರೂ ಒಟ್ಟಿಗೆ ಕಂಡರೆ ಅದು ಪ್ರಾಣ ತೆಗೆಯುವ ಅಣಬೆಗಳಿರುವ ಅಮಾನಿಟ ಗುಂಪಿನದು. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದು ಅಲ್ಲಿಗೇ ಬಿಟ್ಟುಬಿಡಿ.

ಅನುಮಾನ ಉಳಿದರೆ ಬೀಜಕದ ಅಚ್ಚು ತೆಗೆಯಿರಿ. ಚೆನ್ನಾಗಿ ಅರಳಿದ ಒಂದು ಕೊಡೆಯ ಕಾಂಡವನ್ನು ಬುಡಕ್ಕೆ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಇರುವ ಕಾಗದದ ಮೇಲೆ ಪದರ ಕೆಳಗಾಗುವಂತೆ ಇಡಿ. ಕೊಡೆಯ ನೆತ್ತಿಗೆ ಒಂದು ತೊಟ್ಟು ನೀರು ಬಿಟ್ಟು, ಮೇಲೊಂದು ಬಟ್ಟಲು ಕವಿಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎತ್ತಿದರೆ ಕಾಗದದ ಮೇಲೆ ಪದರಗಳ ಗೆರೆ ಗೆರೆ ಪುಡಿ ಬಿದ್ದಿರುತ್ತದೆ. ಹಸಿರು ಬಂದರೆ ಕ್ಲೋರೋಫಿಲ್ಲಂ. ಅಚ್ಚ ಬಿಳಿ ಬಂದರೆ ಹುತ್ತದ ಅಣಬೆಯಲ್ಲ, ಅಮಾನಿಟದ ಅಚ್ಚೂ ಬಿಳಿಯೇ. ಹುತ್ತದ ಅಣಬೆಯದು ನಸು ಗುಲಾಬಿ. ಆದರೆ ಗುಲಾಬಿ ಅಚ್ಚು ಬಿಡುವ ವಿಷದ ಅಣಬೆಗಳೂ ಇವೆ, ಹಾಗಾಗಿ ಅಚ್ಚು, ಬೇರು, ಗೆದ್ದಲ ನೆಲ ಮೂರೂ ಹೊಂದಬೇಕು. ಅಚ್ಚು ಬೀಳದಿದ್ದರೆ ಕೊಡೆ ಇನ್ನೂ ಅರಳಿಲ್ಲ ಇಲ್ಲವೇ ಮಳೆಯಲ್ಲಿ ನೆನೆದು ಲೋಳೆಯಾಗಿದೆ ಎಂದರ್ಥ. ಫ್ಯಾನ್ ಕೆಳಗೆ ಇಟ್ಟರೆ ಪುಡಿ ಹಾರಿಹೋಗುತ್ತದೆ.

ಅಣಬೆ ತಿಂದು ಆರರಿಂದ ಹನ್ನೆರಡು ಗಂಟೆ ಏನೂ ಆಗದೆ, ಆಮೇಲೆ ವಾಂತಿ ಭೇದಿ ಶುರುವಾದರೆ ಅದು ಎಲ್ಲಕ್ಕಿಂತ ಕೆಟ್ಟ ಸೂಚನೆ. ಒಂದು ದಿನ ಹೊಟ್ಟೆ ಸರಿಹೋದಂತೆ ಕಂಡು ಮೂರನೆಯ ದಿನದ ಹೊತ್ತಿಗೆ ಯಕೃತ್ತು ಸೋಲುತ್ತದೆ. ಎಷ್ಟು ಬೇಯಿಸಿದರೂ ಈ ವಿಷ ಹೋಗುವುದಿಲ್ಲ. 'ಈಗ ಪರವಾಗಿಲ್ಲ' ಎಂದು ಮನೆಯಲ್ಲಿ ಉಳಿಯದೆ ಕೂಡಲೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಕೊಳೆಯುತ್ತದೆ, ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ತಿಂದ ಹೊತ್ತು ಎಷ್ಟು, ಯಾರು ಯಾರು ತಿಂದರು ಎಂಬುದನ್ನು ವೈದ್ಯರಿಗೆ ಹೇಳಿ. ತಿಂದವರೆಲ್ಲರೂ ಹೋಗಬೇಕು, ವಾಂತಿ ಆದವರು ಮಾತ್ರ ಅಲ್ಲ.

ನಿಮ್ಮ ಅಂಗಳದ ಅಣಬೆಯನ್ನು ಕಿತ್ತು ಹೂತುಬಿಡಿ. ಚಿಕ್ಕ ಮಕ್ಕಳೂ ನಾಯಿಯೂ ಇರುವ ಮನೆಯಲ್ಲಿ ಅದನ್ನು ಹಾಗೇ ಬಿಡುವುದು ಬೇಡ.

ಪ್ರಶ್ನೆ: ತೋಟದ ಅಂಚಿನ ಕೆಸುವಿನ ಎಲೆ ತಂದು ಪತ್ರೊಡೆ ಮಾಡಿದೆ. ಹುಣಸೆಹಣ್ಣು ಹಾಕಿದ್ದರೂ ಎಲ್ಲರಿಗೂ ಗಂಟಲು ಕೆರೆತ. ಎಲೆಯದ್ದೇ ತಪ್ಪೋ, ಅಡಿಗೆಯದೋ? — ಕೊಪ್ಪ

ಉತ್ತರ: ಎರಡೂ ಇರಬಹುದು. ಕೆಸುವಿನ ಎಲೆ, ದಂಟು, ಗೆಡ್ಡೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿರುತ್ತವೆ. ಗಂಟಲಿಗೆ ಚುಚ್ಚುವುದು ಅವೇ. ಹುಳಿ ಹಿಡಿಯಬೇಕು, ಹಬೆಯೂ ಸಾಕಷ್ಟು ತಾಗಬೇಕು, ಆಗಲೇ ಕೆರೆತ ತಗ್ಗುವುದು.

ಮೊದಲು ಗಿಡ ಯಾವುದೆಂದು ನೋಡಿ. ಕೆಸುವಿನ ದಂಟು ಎಲೆಯ ಅಂಚಿಗೆ ಅಲ್ಲ, ಅಂಚಿನಿಂದ ಸ್ವಲ್ಪ ಒಳಗೆ ಬೆನ್ನಿಗೆ ಸೇರುತ್ತದೆ. ಎಲೆಯ ತುದಿ ನೆಲದ ಕಡೆಗೆ ಜೋಲುತ್ತದೆ, ಮೇಲೆ ಬಿದ್ದ ನೀರು ಮುತ್ತಾಗಿ ಉರುಳಿ ಹೋಗುತ್ತದೆ. ಇದನ್ನೇ ಹೋಲುವ ದೊಡ್ಡೆಲೆಯ ಅಲೊಕೇಸಿಯ ಗಿಡದಲ್ಲಿ ಎಲೆಯ ಸೀಳು ದಂಟಿನವರೆಗೂ ಬಂದಿರುತ್ತದೆ, ತುದಿ ಆಕಾಶ ನೋಡುತ್ತದೆ, ಎಲೆ ಹೊಳಪಾಗಿರುತ್ತದೆ. ಅದರ ಎಲೆಯನ್ನು ಪತ್ರೊಡೆಗೆ ತರಲೇಬಾರದು. ಮರದ ಕವಲಿನಲ್ಲಿ ಮಳೆಗಾಲಕ್ಕೆ ಮಾತ್ರ ಚಿಗುರುವ ಮರಗೆಸು ಸಿಕ್ಕರೆ ಅದೇ ಒಳ್ಳೆಯದು, ತುರಿಕೆ ಕಡಿಮೆ.

ಇನ್ನು ಅಡಿಗೆ. ಸುರುಳಿ ಬಿಚ್ಚಿ ಎರಡು ಮೂರು ದಿನವಾದ ಎಲೆ ಆರಿಸಿ, ಬಲಿತು ದಪ್ಪಗಾದದ್ದು ಬೇಡ. ಬೆನ್ನಿನ ನಡುನಾರನ್ನೂ ದಪ್ಪ ನರಗಳನ್ನೂ ಚಾಕುವಿನಿಂದ ಸಪಾಟಾಗಿ ಕೆರೆದು ತೆಗೆಯಿರಿ. ಹತ್ತು ಹನ್ನೆರಡು ಮಧ್ಯಮ ಎಲೆಗೆ ಎರಡು ಲೋಟ ಅಕ್ಕಿಯ ಹಿಟ್ಟು ಬೇಕು, ಅದಕ್ಕೆ ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣು. ಹೆಚ್ಚಿನವರು ತಪ್ಪುವುದು ಇಲ್ಲೇ. ರುಚಿಗೆ ತಕ್ಕಷ್ಟು ಹುಳಿ ಸಾಲದು, ಹಸಿ ಹಿಟ್ಟು ನಾಲಿಗೆಗೆ ಸ್ವಲ್ಪ ಜಾಸ್ತಿಯೇ ಹುಳಿ ಅನಿಸಬೇಕು. ಆಮೇಲೆ ಬೆಲ್ಲ ಅದನ್ನು ಸಮ ಮಾಡುತ್ತದೆ. ಹಿಟ್ಟು ಎಲೆಯ ಬೆನ್ನಿಗೆ ಒಂದು ಚೂರೂ ಬಿಡದಂತೆ ತಾಗಬೇಕು. ಸುರುಳಿ ಮುಂಗೈ ದಪ್ಪ ಆದರೆ ಒಳಗಿನ ಎಲೆ ಬೇಯುವುದಿಲ್ಲ, ನಾಲ್ಕೈದು ಎಲೆಗೆ ಒಂದು ಸುರುಳಿ ಸಾಕು. ನೀರು ಕುದಿ ಬಂದ ಮೇಲೆ ಇಟ್ಟು 35ರಿಂದ 40 ನಿಮಿಷ ಹಬೆಯಲ್ಲಿ ಬೇಯಿಸಿ, ಇಡ್ಲಿಯ ಲೆಕ್ಕದಲ್ಲಿ ಹದಿನೈದು ನಿಮಿಷಕ್ಕೆ ಇಳಿಸಬೇಡಿ. ಎಲೆ ಹೆಚ್ಚುವಾಗ ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಗಂಟಲು ಕೆರೆದರೆ ಮಜ್ಜಿಗೆ ಕುಡಿಯಿರಿ. ತುಟಿ ನಾಲಿಗೆ ಊದಿಕೊಂಡು ಉಸಿರಿಗೆ ತೊಂದರೆಯಾದರೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ರಾತ್ರಿ ಬಚ್ಚಲಿನ ಗೋಡೆಯಲ್ಲಿ ಕಪ್ಪು ಮೈಯ, ಬಿಳಿ ಪಟ್ಟೆಯ ಹಾವು. ಕಟ್ಟುಹಾವು ಎಂದು ಹೊಡೆದು ಹಾಕಿದರು. ನಂತರ ಬಂದವರೊಬ್ಬರು ಅದು ವಿಷದ್ದಲ್ಲ ಎಂದರು. ಹೇಗೆ ತಿಳಿಯುವುದು? — ಕಡೂರು

ಉತ್ತರ: ಗೋಡೆ ಹತ್ತಿತ್ತು ಅಂದರೆ ಅದು ತೋಳದ ಹಾವು ಇದ್ದಿರಬಹುದು. ಹಲ್ಲಿ ಹುಡುಕಿಕೊಂಡು ಗೋಡೆ, ಕಿಟಕಿ, ಹೆಂಚಿನ ಸಂದಿ ಹತ್ತುವ ನಿರ್ವಿಷ ಹಾವು ಅದು. ಪಟ್ಟೆ ಎಲ್ಲಿಂದ ಶುರುವಾಗುತ್ತದೆ ನೋಡಿ. ತೋಳದ ಹಾವಿನ ಪಟ್ಟೆ ಕುತ್ತಿಗೆಯ ಬಳಿಯೇ ಅಗಲವಾಗಿ, ಎದ್ದು ಕಾಣುವಂತೆ ಇದ್ದು ಬಾಲದ ಕಡೆ ಹೋಗುತ್ತಾ ಮಾಸಿಹೋಗುತ್ತದೆ. ಮೈಬಣ್ಣ ಹೆಚ್ಚಾಗಿ ಕಾಫಿ ಕಂದು. ಕಟ್ಟುಹಾವಿನಲ್ಲಿ ಇದು ತಿರುವುಮುರುವು. ತಲೆಯ ಹಿಂದೆ ಪಟ್ಟೆ ಇಲ್ಲ ಅಥವಾ ಮಸುಕು, ಬಾಲದತ್ತ ಬಂದಂತೆ ಸ್ಪಷ್ಟ. ತೆಳ್ಳನೆಯ ಬಿಳಿ ಗೆರೆಗಳು ಎರಡೆರಡು ಜೊತೆಯಾಗಿ ಬರುತ್ತವೆ. ಮೈ ಎಣ್ಣೆ ಹಚ್ಚಿದಂತೆ ಹೊಳೆಯುವ ನೀಲಿಗಪ್ಪು. ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಆದರೆ ಈ ಕೊನೆಯ ಗುರುತನ್ನು ಬಗ್ಗಿ ನೋಡಲು ಹೋಗಬೇಡಿ. ಕಟ್ಟುಹಾವಿನ ಮರಿಯಲ್ಲಿ ತಲೆಯ ಕಡೆಯೂ ಬಿಳಿ ಗುರುತುಗಳು ಇರುತ್ತವೆ, ಹಾಗಾಗಿ ಪೂರ್ತಿ ಖಾತ್ರಿ ಇಲ್ಲದ ಯಾವ ಹಾವನ್ನೂ ಕೈಯಲ್ಲಿ ಹಿಡಿಯಬಾರದು. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ ಅರಣ್ಯ ಇಲಾಖೆಗೆ ಇಲ್ಲವೇ ಊರಿನ ಹಾವು ಹಿಡಿಯುವವರಿಗೆ ಫೋನ್ ಮಾಡಿ. ಹೊಡೆಯಲು ಹೋದವರನ್ನೇ ಹಾವು ಕಚ್ಚುವುದು ಹೆಚ್ಚು.

ಕಟ್ಟುಹಾವು ಕಚ್ಚಿದರೆ ನೋವೂ ಬಾವೂ ಇಲ್ಲದಿರಬಹುದು. ನೆಲದಲ್ಲಿ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚಿ ಗೊತ್ತೇ ಆಗಿರುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಕಂಡರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕೂರಬೇಡಿ. ಮಂಚ ಮತ್ತು ಒಳಗೆ ಮಡಚಿ ಸಿಕ್ಕಿಸಿದ ಸೊಳ್ಳೆಪರದೆ, ಇವೆರಡು ಇದ್ದರೆ ಈ ಅಪಾಯ ಬಹುಪಾಲು ತಪ್ಪುತ್ತದೆ.

ಯಾವ ಹಾವು ಕಚ್ಚಿದರೂ ಉಂಗುರ, ಬಳೆ, ಕಾಲುಂಗುರ ಬಿಚ್ಚಿ. ಮೂಳೆ ಮುರಿದವರಿಗೆ ಕಟ್ಟುವ ಹಾಗೆ ಕೈಕಾಲಿಗೆ ದಬ್ಬೆ ಇಟ್ಟು ಅಲುಗದಂತೆ ಮಾಡಿ, ನಡೆಸದೆ ಗಾಡಿಯಲ್ಲಿ ಕರೆದೊಯ್ಯಿರಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ಬೇರು ತೇಯ್ದು ಹಚ್ಚುವುದು ಬೇಡ. ಹಾವನ್ನು ಹುಡುಕಿ ತರುವ ಅಗತ್ಯವೂ ಇಲ್ಲ, ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ ಕೊಡುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಮೂಡಿಗೆರೆ, ಆಲ್ದೂರು ಕಡೆಯ ತೋಟದವರಿಗೆ ಇನ್ನೊಂದು ಮಾತು. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಮೂಗಿನ ತುದಿ ಮೇಲಕ್ಕೆ ತಿರುಗಿದ, ಒಂದೂವರೆ ಅಡಿಯೊಳಗಿನ ಕಂದು ಗುಳಿಮಂಡಲ ಇರುತ್ತದೆ. ಒಣಗಿದ ಎಲೆಯ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ಇದರ ವಿಷಕ್ಕೆ ಆ ಪ್ರತಿವಿಷ ಕೆಲಸ ಮಾಡುವುದಿಲ್ಲ. ಚಿಕ್ಕ ಹಾವು ಎಂದು ಸುಮ್ಮನಿದ್ದು ಮೂತ್ರಪಿಂಡ ಕೆಟ್ಟ ಮೇಲೆ ಹೋಗುವುದಕ್ಕಿಂತ ಮೊದಲೇ ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ. ಕಳೆ ಕೀಳುವವರಿಗೆ ಗಂಬೂಟು ಕೊಡುವುದು ಮಾಲೀಕರ ಹೊಣೆ.

ಪ್ರಶ್ನೆ: ಮುಳ್ಳಯ್ಯನಗಿರಿಗೆ ಹೋಗಿಬಂದಾಗ ಕಾಲ ತುಂಬ ಇಂಬಳ. ಉಪ್ಪು ಹಾಕಿ ಬಿಡಿಸಿದೆವು, ಆದರೂ ರಕ್ತ ನಿಲ್ಲಲಿಲ್ಲ, ಎರಡು ಕಡೆ ಕೀವಾಗಿದೆ. — ಹಾಸನ

ಉತ್ತರ: ಉಪ್ಪು, ಬೆಂಕಿಕಡ್ಡಿ, ಸುಣ್ಣ ತಾಗಿಸಿದರೆ ಇಂಬಳ ಬಿಡುತ್ತದೆ ನಿಜ. ಆದರೆ ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೆ ಕಕ್ಕುತ್ತದೆ, ಕೀವಾಗಲು ಅದೂ ಕಾರಣ. ಬಾಯಿ ಇರುವುದು ಸಣ್ಣಗಿರುವ ತುದಿಯಲ್ಲಿ. ಅದರ ಪಕ್ಕ ಚರ್ಮಕ್ಕೆ ಉಗುರು ಒತ್ತಿ, ನೆಲ ಕೆರೆದಂತೆ ಅಡ್ಡಕ್ಕೆ ತಳ್ಳಿ. ಹಿಡಿತ ತಪ್ಪಿದ ತಕ್ಷಣ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ಕೊಡವಿ. ನಿಧಾನ ಮಾಡಿದರೆ ಬಾಯಿ ನಿಮ್ಮ ಬೆರಳಿಗೇ ಅಂಟುತ್ತದೆ.

ರಕ್ತ ನಿಲ್ಲದಿರುವುದು ಅದರ ಜೊಲ್ಲಿನಲ್ಲಿರುವ ಹಿರುಡಿನ್‌ನಿಂದ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಸೋಪುನೀರಲ್ಲಿ ತೊಳೆದು, ಒಣ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿಹಿಡಿಯಿರಿ. ಕೆಲವು ಗಂಟೆ ಜಿನುಗಿದರೂ ಹೆದರಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ತೋರಿಸಬೇಕು. ನಿಮ್ಮ ಕೀವಾದ ಗಾಯಕ್ಕೂ ಅದೇ ಸಲಹೆ.

ಮುಂದಿನ ಸಲ ಒತ್ತು ನೇಯ್ಗೆಯ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದುಕೊಳ್ಳಿ. ಹೊಗೆಸೊಪ್ಪು ನೆನೆಸಿದ ನೀರಲ್ಲಿ ಅದ್ದಿ ಒಣಗಿಸಿದರೆ ಇನ್ನೂ ಒಳ್ಳೆಯದು. ಹಚ್ಚಿದ ಎಣ್ಣೆ, ಮುಲಾಮು ಮಳೆಗೆ ತೊಳೆದು ಹೋಗುತ್ತದೆ, ಪದೇ ಪದೇ ಹಚ್ಚಬೇಕು. ಹುಲ್ಲಿನಲ್ಲಿ ನಿಂತು ಫೋಟೋ ತೆಗೆಯುವ ಹೊತ್ತೇ ಅವು ಹತ್ತುವ ಹೊತ್ತು.

ಪ್ರಶ್ನೆ: ಗಿರಿಯ ಮೇಲೆ ಕುರಿಂಜಿ ಮತ್ತೆ ಯಾವಾಗ? ಒಂದು ಗಿಡ ತಂದು ಕುಂಡದಲ್ಲಿ ನೆಡಬಹುದೇ? — ತರೀಕೆರೆ

ಉತ್ತರ: ಚಂದ್ರದ್ರೋಣ ಗಿರಿಸಾಲಿನಲ್ಲಿ 2022ರ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನೀಲಕುರಿಂಜಿ ದೊಡ್ಡದಾಗಿ ಅರಳಿತ್ತು. ಹನ್ನೆರಡು ವರ್ಷದ ಲೆಕ್ಕ ಹಿಡಿದರೆ ಅದೇ ಗಿಡಗಳ ಸಂತತಿ ಅರಳುವುದು 2034ರ ಸುಮಾರಿಗೆ. ನಡುವೆ ಅಲ್ಲಲ್ಲಿ ನೇರಳೆ ಹೂ ಕಂಡರೆ ಅದು ಬೇರೆ ಪ್ರಭೇದವಿರಬಹುದು, ಕುರಿಂಜಿಯ ಬಳಗದಲ್ಲಿ ಒಂದೊಂದಕ್ಕೆ ಒಂದೊಂದು ಗಡುವು. ಹೂಬಿಟ್ಟು ಬೀಜ ಉದುರಿಸಿದ ಗಿಡ ಸತ್ತೇ ಹೋಗುತ್ತದೆ. ಈಗ ಅಲ್ಲಿರುವುದು ಆ ಬೀಜದ ಮರಿಗಿಡಗಳು, ದಾರಿ ಬಿಟ್ಟು ಹುಲ್ಲಿನಲ್ಲಿ ನಡೆದರೆ ತುಳಿಯುವುದು ಅವನ್ನೇ. ಕುಂಡದ ಆಸೆ ಬಿಡಿ. ತಂಪು ಮಂಜಿನ ಎತ್ತರದ ಗಿಡ ತರೀಕೆರೆಯ ಬಿಸಿಲಿಗೆ ಒಗ್ಗುವುದಿಲ್ಲ, ಕೀಳುವುದೂ ಅಪರಾಧ.

ಪ್ರಶ್ನೆ: ರಸ್ತೆ ಬದಿಯ ಒಂದೆಲಗ ಕೊಯ್ದು ತಂಬುಳಿ ಮಾಡಬಹುದೇ? — ಚಿಕ್ಕಮಗಳೂರು

ಉತ್ತರ: ಚರಂಡಿಯ ಪಕ್ಕದ್ದು ಬೇಡ. ಒಂದೆಲಗ ನೆಲಕ್ಕಂಟಿ ಹಬ್ಬುತ್ತದೆ, ಕೊಳಚೆನೀರು ನೇರ ಎಲೆಗೇ ತಾಗುತ್ತದೆ, ತಂಬುಳಿಗೆ ಹಸಿಯಾಗಿಯೇ ಅರೆಯುವವರೂ ಇದ್ದಾರೆ. ಕಾಫಿ ತೋಟದ್ದಾದರೆ ಕಳೆನಾಶಕ ಹೊಡೆದಿದ್ದಾರೆಯೇ ಎಂದು ಕೇಳಿಯೇ ಕೊಯ್ಯಿರಿ. ಎಲ್ಲಕ್ಕಿಂತ ಸುಲಭ ದಾರಿ ಎಂದರೆ ಗೆಣ್ಣಿನಲ್ಲಿ ಬೇರು ಬಿಟ್ಟ ಒಂದು ಬಳ್ಳಿ ತಂದು ಅಗಲ ಕುಂಡದಲ್ಲಿ, ಅರೆನೆರಳಿನಲ್ಲಿ ನೆಡುವುದು. ಮಣ್ಣು ಒಣಗಲು ಬಿಡದಿದ್ದರೆ ಎರಡು ತಿಂಗಳಲ್ಲಿ ಕುಂಡ ತುಂಬುತ್ತದೆ.

ಪ್ರಶ್ನೆ: ಅಂಗೈ ಉದ್ದದ ಬಸವನಹುಳುಗಳು ಬಾಳೆ, ಪಪಾಯ, ಕಾಫಿ ಸಸಿ ಎಲ್ಲ ತಿನ್ನುತ್ತಿವೆ. ಉಪ್ಪು ಸುರಿದು ಸಾಕಾಯಿತು. — ಸಕಲೇಶಪುರ

ಉತ್ತರ: ಅದು ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಕಲ್ಕತ್ತೆಗೆ ತಂದು ಬಿಟ್ಟದ್ದು ದೇಶದ ತುಂಬ ಹರಡಿದೆ. ಒಂದು ಹುಳು ಒಮ್ಮೆಗೆ ನೂರಾರು ಮೊಟ್ಟೆ ಇಡುತ್ತದೆ, ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ ಇರುವುದರಿಂದ ಪ್ರತಿಯೊಂದೂ ಮೊಟ್ಟೆ ಇಡಬಲ್ಲದು. ಉಪ್ಪು ಸುರಿದರೆ ಮಣ್ಣು ಕೆಟ್ಟು ಸಸಿಯೇ ಸಾಯುತ್ತದೆ.

ಮೊದಲ ಮಳೆ ಬಿದ್ದ ವಾರದಲ್ಲೇ ಶುರು ಮಾಡಿ, ಮೊಟ್ಟೆ ಇಟ್ಟ ಮೇಲೆ ಹಿಡಿದರೆ ಕೆಲಸ ಎರಡರಷ್ಟು. ಸಂಜೆ ಗೋಣಿಚೀಲವನ್ನು ಬೆಲ್ಲದ ನೀರಲ್ಲಿ ನೆನೆಸಿ, ಮೇಲೆ ಪಪಾಯ ಎಲೆ ಇಲ್ಲವೇ ಎಲೆಕೋಸಿನ ಸಿಪ್ಪೆ ಹರಡಿ ತೋಟದ ಅಂಚಿನಲ್ಲಿ ಇಡಿ. ಬೆಳಕು ಹರಿಯುವ ಮೊದಲು ಅಡಿಯಲ್ಲಿ ಸೇರಿರುವುದನ್ನು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ಗುಂಡಿಯಲ್ಲಿ ಸುಣ್ಣ ಎರಚಿ ಆಳವಾಗಿ ಹೂಳಿ. ಮೇಲೆಯೇ ಬಿಟ್ಟರೆ ನಾರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಮೆದುಳಿಗೆ ಸೋಂಕು ತರುವ ಇಲಿಯ ಶ್ವಾಸಕೋಶದ ಹುಳು ಇದರ ಮೈಯಲ್ಲಿ ಇರಬಹುದು. ಅದೇ ಕಾರಣಕ್ಕೆ ಇವು ಹರಿದಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಬಾರದು. ಮೊಟ್ಟೆ ಹಳದಿ ಮುತ್ತಿನಂತೆ ಗುಂಪಾಗಿ, ಮಣ್ಣಿನ ಒಂದೆರಡು ಇಂಚು ಕೆಳಗೆ, ಕಲ್ಲಿನ ಬುಡದಲ್ಲಿ ಸಿಗುತ್ತದೆ. ಮೆಟಾಲ್ಡಿಹೈಡ್ ಗುಳಿಗೆಯನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ, ನಾಯಿ ತಿಂದರೆ ಉಳಿಯುವುದು ಕಷ್ಟ. ಅಕ್ಕಪಕ್ಕದ ತೋಟದವರೂ ಅದೇ ವಾರ ಹಿಡಿಯದಿದ್ದರೆ ಬೇಲಿ ದಾಟಿ ಮತ್ತೆ ಬರುತ್ತವೆ.

ಹಿಡಿಯುವ ಮೊದಲು ಚಿಪ್ಪು ನೋಡಿ. ದೈತ್ಯ ಹುಳುವಿನದು ಉದ್ದ ಶಂಖದಾಕಾರ, ಕಂದು ಗೀರುಗಳಿರುತ್ತವೆ. ಚಿಪ್ಪು ಗುಂಡಗಿದ್ದು ಮೈ ಕೆಂಪಗೋ ಕಿತ್ತಳೆಯಾಗೋ ಇದ್ದರೆ ಅದು ಪಶ್ಚಿಮಘಟ್ಟದ ಮೂಲನಿವಾಸಿ ಇಂಡ್ರೆಲ್ಲ. ಬೇರೆಲ್ಲೂ ಸಿಗದ ಹುಳು ಅದು, ಬಕೆಟ್ಟಿಗೆ ಹಾಕದೆ ನೆರಳಿನ ಕಡೆ ಬಿಟ್ಟುಬಿಡಿ.